ಕಥೆಯ ಕೊನೆ ಯಾರದು?

ಚಲನಚಿತ್ರ ಹುಟ್ಟಿದಂದಿನಿಂದಲೂ ಅದರ ಸಾವಿನ ಭವಿಷ್ಯ ನುಡಿಯುವವರಿಗೆ ಕೊರತೆಯಿಲ್ಲ. ಪರದೆಗೆ ಮಾತು ಬಂದಾಗ ಮೂಕಿಚಿತ್ರದ ಕಲೆ ಅಳಿಯಿತೆಂದರು. ಮನೆಗೆ ದೂರದರ್ಶನ ಬಂದಾಗ ಚಿತ್ರಮಂದಿರಗಳ ಕಾಲ ಮುಗಿಯಿತೆಂದರು. ೨೦೨೦ರಲ್ಲಿ, ಕೊರೊನಾ ದಿನಗಳಲ್ಲಿ, 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಎಂಬ ಕನ್ನಡ ಚಿತ್ರಗಳು ಚಿತ್ರಮಂದಿರದ ಮೆಟ್ಟಿಲು ಹತ್ತದೆ ನೇರವಾಗಿ ಅಂತರಜಾಲದ ಮೂಲಕ ಮನೆ ಸೇರಿದಾಗಲೂ ಅದೇ ಮಾತು ಕೇಳಿಬಂತು. ಆದರೂ ಸಿನಿಮಾ ಸಾಯಲಿಲ್ಲ. ಆದ್ದರಿಂದ ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಸಿನಿಮಾ ಉಳಿಯುವುದೇ ಎಂದು ಕೇಳುವುದಕ್ಕಿಂತ, ಉಳಿಯುವ ಸಿನಿಮಾ ಯಾರ ಮಾತನ್ನು ಆಡುವುದು ಎಂದು ಕೇಳುವುದು ಲೇಸು. ೨೦೨೫ರಲ್ಲಿ ನಡೆದ ಎರಡು ಘಟನೆಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿವೆ.

ಮೊದಲನೆಯದು 'ಶೋಲೆ'ಯದು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು, ೧೯೭೫ರ ಆಗಸ್ಟ್ ೧೫ರಂದು ತೆರೆಕಂಡ ಈ ಹಿಂದಿ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಠಾಕೂರ್ ಇನ್ನೇನು ಗಬ್ಬರ್ ಸಿಂಗನನ್ನು ಕೊಲ್ಲಬೇಕು ಎನ್ನುವಷ್ಟರಲ್ಲಿ ಪೊಲೀಸರು ಬಂದು ತಡೆಯುತ್ತಾರೆ. ಆದರೆ ನಿರ್ದೇಶಕ ರಮೇಶ್ ಸಿಪ್ಪಿಯವರು ಮೊದಲು ಚಿತ್ರಿಸಿದ್ದ ಕೊನೆಯೇ ಬೇರೆ. ಅದರಲ್ಲಿ ಎರಡೂ ಕೈಗಳನ್ನು ಕಳೆದುಕೊಂಡ ಠಾಕೂರ್ ಕಾಲುಗಳಿಂದಲೇ ತನ್ನ ವೈರಿಯನ್ನು ಕೊಲ್ಲುತ್ತಾನೆ. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರ್ ಮಂಡಳಿ ಅದನ್ನು ಒಪ್ಪದ ಕಾರಣ ಕೊನೆಯನ್ನು ಬದಲಾಯಿಸಬೇಕಾಯಿತು. ಐವತ್ತು ವರ್ಷಗಳ ಬಳಿಕ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹಳೆಯ ಸುರುಳಿಗಳನ್ನು ಹುಡುಕಿ ತೆಗೆಸಿ, ಚಿತ್ರಕ್ಕೆ ಮರುಜೀವ ಕೊಟ್ಟಿತು. ಮೂಲ ಅಂತ್ಯವಿರುವ ಆ ಪ್ರತಿಯನ್ನು ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಬೊಲೊನ್ಯಾದಲ್ಲಿಯೂ ಡಿಸೆಂಬರಿನಲ್ಲಿ ನಮ್ಮ ದೇಶದ ಚಿತ್ರಮಂದಿರಗಳಲ್ಲಿಯೂ ತೋರಿಸಲಾಯಿತು. ಆ ಸೇಡನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಸೇಡು ತೀರಿದ ಮೇಲೂ ಮನುಷ್ಯನಿಗೆ ಏನೂ ದಕ್ಕುವುದಿಲ್ಲವೆಂಬುದನ್ನು ಯೋಚಿಸಬೇಕಾದರೆ, ಆ ಸೇಡು ನಮ್ಮ ಕಣ್ಣೆದುರಿಗೆ ತೀರಲೇಬೇಕು.

ಎರಡನೆಯದು ಇದಕ್ಕೆ ತದ್ವಿರುದ್ಧವಾದುದು. ಆನಂದ್ ಎಲ್. ರಾಯ್ ಅವರ ನಿರ್ದೇಶನದಲ್ಲಿ, ಧನುಷ್ ನಾಯಕರಾಗಿ, ೨೦೧೩ರಲ್ಲಿ ಬಂದ ಹಿಂದಿ ಚಿತ್ರ 'ರಾಂಝಣಾ'. ಅದರ ತಮಿಳು ರೂಪವಾದ 'ಅಂಬಿಕಾಪತಿ'ಯನ್ನು ೨೦೨೫ರ ಆಗಸ್ಟ್ ೧ರಂದು ಮತ್ತೆ ಬಿಡುಗಡೆ ಮಾಡಿದಾಗ, ಮೂಲದಲ್ಲಿ ಸಾಯುವ ನಾಯಕ ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ತೆರೆದ! ಆ ದೃಶ್ಯವನ್ನು ಯಾರೂ ನಟಿಸಿರಲಿಲ್ಲ. ಕೃತಕ ಬುದ್ಧಿಮತ್ತೆ ಅದನ್ನು ನಿರ್ಮಿಸಿತ್ತು. ನಿರ್ದೇಶಕರೂ ನಟರೂ ಬಹಿರಂಗವಾಗಿ ನೊಂದು ನುಡಿದರು. ಚಿತ್ರದ ಹಕ್ಕು ತಮ್ಮದು ಎಂಬುದು ಹಕ್ಕುದಾರ ಸಂಸ್ಥೆಯ ಉತ್ತರವಾಗಿತ್ತು.

ಒಂದು ದೃಶ್ಯ ಬದಲಾದರೆ ಏನಾಯಿತು ಎಂದು ನೀವು ಕೇಳಬಹುದು. ಕಥೆಯನ್ನೇ ನೋಡೋಣ. ವಾರಾಣಸಿಯ ಕುಂದನ್ ಎಂಬ ಹುಡುಗ ಝೋಯಾ ಎಂಬಾಕೆಯನ್ನು ಬಿಡದೆ ಹಿಂಬಾಲಿಸುತ್ತಾನೆ. ಅವಳ ಮದುವೆಯ ಹೊತ್ತಿನಲ್ಲಿ ಅವನು ಬಯಲು ಮಾಡಿದ ಗುಟ್ಟಿನಿಂದಾಗಿ ಅವಳು ಮೆಚ್ಚಿದ ಯುವಕ ಹೊಡೆತ ತಿಂದು ಪ್ರಾಣ ಬಿಡುತ್ತಾನೆ. ಹೆಣ್ಣಿನ ಬೆನ್ನು ಹತ್ತುವುದನ್ನು ಪ್ರೇಮವೆಂದು ಚಂದಗಾಣಿಸಿದ್ದು ಈ ಚಿತ್ರದ ದೊಡ್ಡ ದೋಷ. ಅನೇಕ ವಿಮರ್ಶಕರು ಅದನ್ನು ಆಗಲೇ ಎತ್ತಿ ತೋರಿಸಿದ್ದರು. ಆದರೆ ಆ ತಪ್ಪಿಗೆ ಚಿತ್ರ ಬೆಲೆ ಕಟ್ಟುವುದು ಕೊನೆಯಲ್ಲಿ. ತನಗೆ ಅಪಾಯ ಕಾದಿದೆಯೆಂದು ಅರಿತೂ ಕುಂದನ್ ಸಭೆಗೆ ಹೋಗುತ್ತಾನೆ, ಗಾಯಗೊಳ್ಳುತ್ತಾನೆ, ಸಾಯುತ್ತಾನೆ. ಅವನನ್ನು ಬದುಕಿಸಿದರೆ ಅವನ ಪಶ್ಚಾತ್ತಾಪ ಬೆಲೆ ತೆರದ ಪಶ್ಚಾತ್ತಾಪವಾಗುತ್ತದೆ. ದೋಷವೆಲ್ಲ ಹಾಗೆಯೇ ಉಳಿದು, ಅದಕ್ಕೆ ತೆತ್ತ ಬೆಲೆ ಮಾತ್ರ ಅಳಿಸಿಹೋಗುತ್ತದೆ.

ನಮ್ಮ ಗೋವಿನ ಹಾಡನ್ನು ನೆನೆದುಕೊಳ್ಳಿ. ಮಾತಿಗೆ ತಪ್ಪದೆ ಮರಳಿ ಬಂದ ಪುಣ್ಯಕೋಟಿಯನ್ನು ಕಂಡು ಹುಲಿ ತನ್ನ ಪ್ರಾಣವನ್ನೇ ಬಿಡುತ್ತದೆ. ಅದನ್ನು ಕೇಳಿ ಕಣ್ಣೀರು ಹಾಕದ ಮಕ್ಕಳು ಕಡಿಮೆ. ಆ ಮಕ್ಕಳನ್ನು ಸಮಾಧಾನ ಪಡಿಸಲೆಂದು ಹುಲಿ ಬದುಕಿತು, ಹುಲ್ಲು ಮೇಯತೊಡಗಿತು ಎಂದು ಯಾರಾದರೂ ಸೇರಿಸಿದರೆ ಕಣ್ಣೀರು ನಿಲ್ಲಬಹುದು. ಆದರೆ ಸತ್ಯವು ಕ್ರೌರ್ಯವನ್ನು ಎಷ್ಟು ಆಳವಾಗಿ ಅಲುಗಿಸಬಲ್ಲುದೆಂಬ ಅರಿವೂ ಅಲ್ಲಿಗೇ ನಿಲ್ಲುತ್ತದೆ. ದುಃಖವನ್ನು ದುಃಖವಾಗಿಯೇ ಅನುಭವಿಸುವ ಶಕ್ತಿಯನ್ನು ಕಥೆಗಳು ನಮಗೆ ಕಲಿಸುತ್ತ ಬಂದಿವೆ.

ಇಲ್ಲಿ ಕಾನೂನಿನ ತೊಡಕೂ ಇದೆ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಲನಚಿತ್ರದ ಕರ್ತೃ ಅದರ ನಿರ್ಮಾಪಕ, ನಿರ್ದೇಶಕನಲ್ಲ. ಹಣ ಹೂಡಿದವರಿಗೆ ಹಕ್ಕಿರುವುದು ನ್ಯಾಯವೇ. ಆದರೆ ಈ ಕಾಯಿದೆ ಹುಟ್ಟಿದ ಕಾಲದಲ್ಲಿ, ನಟಿಸದ ದೃಶ್ಯದಲ್ಲಿ ನಟನ ಮುಖವನ್ನು ನಗಿಸಬಲ್ಲ ಯಂತ್ರವನ್ನು ಯಾರೂ ಊಹಿಸಿರಲಿಲ್ಲ. ೨೦೨೩ರಲ್ಲಿ ಹಾಲಿವುಡ್‌ನ ಬರಹಗಾರರು ಮೇ ತಿಂಗಳಿನಿಂದಲೂ ನಟರು ಜುಲೈ ತಿಂಗಳಿನಿಂದಲೂ ಮುಷ್ಕರ ಹೂಡಿದ್ದಕ್ಕೆ ಈ ಭಯವೂ ಒಂದು ಕಾರಣ. ನಟರ ಡಿಜಿಟಲ್ ಪ್ರತಿರೂಪವನ್ನು ಬಳಸಲು ಅವರ ಒಪ್ಪಿಗೆ ಬೇಕೆಂಬುದನ್ನು ಅವರು ಒಪ್ಪಂದದಲ್ಲಿ ಬರೆಯಿಸಿಕೊಂಡರು. ನಮ್ಮಲ್ಲಿಯೂ ಅಂತಹ ರಕ್ಷಣೆ ಅಗತ್ಯ.

ಹಾಗೆಂದು ಯಂತ್ರವನ್ನೇ ಶಪಿಸುವುದು ವಿವೇಕವಲ್ಲ. ೨೦೨೫ರಲ್ಲಿಯೇ ಬೆಂಗಳೂರಿನಿಂದ 'ಲವ್ ಯು' ಎಂಬ ಕನ್ನಡ ಚಿತ್ರ ಕೃತಕ ಬುದ್ಧಿಮತ್ತೆಯ ನೆರವಿನಿಂದ ಅತಿ ಕಡಿಮೆ ವೆಚ್ಚದಲ್ಲಿ ಸಿದ್ಧವಾಗಿ ಬಂತು. ಕೈಯಲ್ಲಿ ಹಣವಿಲ್ಲದ, ಆದರೆ ಹೇಳಲು ಕಥೆಯಿರುವ ಹಳ್ಳಿಯ ಹುಡುಗಿಗೂ ನಾಳೆ ಈ ದಾರಿ ತೆರೆಯಬಹುದು. 'ಶೋಲೆ'ಯನ್ನು ಉಳಿಸಿದ್ದೂ ಹೊಸ ತಂತ್ರಜ್ಞಾನವೇ. ಅಂತಹ ಆರೈಕೆ ಸಿಗದೆ ನಾವು ಕಳೆದುಕೊಂಡದ್ದು ಕಡಿಮೆಯೇ? ೧೯೩೪ರ ಮಾರ್ಚ್ ೩ರಂದು ತೆರೆಕಂಡ, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹೀಗಿರುವಾಗ ಒಂದು ಅಳತೆಗೋಲನ್ನು ನಾವು ಇಟ್ಟುಕೊಳ್ಳಬಹುದು: ಕಲಾವಿದ ಹೇಳಿದ್ದನ್ನು ಕಾಪಾಡುವ, ಹೇಳಲಾಗದಿದ್ದುದನ್ನು ಹೇಳಿಸುವ ತಂತ್ರಜ್ಞಾನ ಸ್ವಾಗತಾರ್ಹ; ಹೇಳಿದ ಮಾತನ್ನು ಅವನ ಬಾಯಿಂದ ಕಸಿದು ಬೇರೊಂದನ್ನು ತುರುಕುವ ತಂತ್ರಜ್ಞಾನವನ್ನು ಪ್ರಶ್ನಿಸಲೇಬೇಕು.

ಓದುಗರೇ, ಇದರಲ್ಲಿ ನಮ್ಮ ಪಾಲೂ ಇದೆ. ಪ್ರೇಕ್ಷಕರು ಬಯಸುತ್ತಾರೆ ಎಂಬ ಮಾತಿನ ಮರೆಯಲ್ಲಿಯೇ ಇಂತಹ ಬದಲಾವಣೆಗಳು ನಡೆಯುವುದು. ಮುಂದೊಂದು ದಿನ ಪ್ರತಿಯೊಬ್ಬರ ಮೊಬೈಲಿನಲ್ಲಿಯೂ ಅವರವರಿಗೆ ಹಿತವಾದ ಕೊನೆಯೇ ತೆರೆದುಕೊಳ್ಳಬಹುದು. ಆಗ ಒಂದೇ ಮನೆಯಲ್ಲಿ ಒಂದೇ ಚಿತ್ರ ನೋಡಿದ ನಾಲ್ವರಿಗೆ ಕೂಡಿ ಮಾತನಾಡಲು ಒಂದು ಕಥೆಯೇ ಇರುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಮನೆಯವರೆಲ್ಲ ಒಟ್ಟಿಗೆ ಕುಳಿತು, ನಡುವೆ ಎದ್ದುಹೋಗದೆ, ಒಂದು ಒಳ್ಳೆಯ ಚಿತ್ರವನ್ನು ಕೊನೆಯವರೆಗೂ ನೋಡಿ. ಕೊನೆ ಕಹಿಯಾಗಿದ್ದರೆ ಅದು ಏಕೆ ಹಾಗಾಯಿತೆಂದು ಮಕ್ಕಳನ್ನು ಕೇಳಿ. ಅವರ ಉತ್ತರವನ್ನು ತಾಳ್ಮೆಯಿಂದ ಆಲಿಸಿ. ಕಹಿಯಾದ ಕೊನೆಯನ್ನೂ ಸಹಿಸಿ, ಅದರ ಬಗ್ಗೆ ಮಾತನಾಡಬಲ್ಲ ಪ್ರೇಕ್ಷಕರು ಇರುವವರೆಗೆ, ಅಂತಹ ಕೊನೆಯನ್ನು ಬರೆಯುವ ಧೈರ್ಯ ಕಲಾವಿದರಲ್ಲಿಯೂ ಉಳಿದೀತು.