ಅಮಲೋದ್ಭವ ತತ್ತ್ವದ ಅರ್ಥವಿಚಾರ

ಕಥೋಲಿಕರ ಅಮಲೋದ್ಭವ ತತ್ತ್ವವನ್ನು ಯೇಸುವಿನ ಕನ್ಯಾಜನನವೆಂದೇ ಭಾವಿಸುವವರುಂಟು, ಅದು ಸರಿಯಲ್ಲ. ಮರಿಯಮ್ಮನು ತನ್ನ ತಾಯಿಯ ಗರ್ಭದಲ್ಲಿ ಉದ್ಭವಿಸಿದ ಮೊದಲ ಕ್ಷಣದಿಂದಲೇ ಜನ್ಮಪಾಪದ ಕಳಂಕವಿಲ್ಲದವಳಾಗಿದ್ದಳೆಂಬುದೇ ಅದರ ತಾತ್ಪರ್ಯ. ಹಾಗಾದರೆ ಆಕೆಗೆ ಕ್ರಿಸ್ತನಿಂದ ಉದ್ಧಾರವೇ ಬೇಕಿರಲಿಲ್ಲವೆಂದಾಗದೆ? 13ನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸನು ಎತ್ತಿದ ಆಕ್ಷೇಪವಿದು. ಬಿದ್ದವರನ್ನು ಎತ್ತುವುದಕ್ಕಿಂತ ಬೀಳದಂತೆ ಕಾಯುವುದೇ ಹಿರಿದಾದ ಉದ್ಧಾರವೆಂಬುದು 1308ರಲ್ಲಿ ತೀರಿಕೊಂಡ ಡನ್ಸ್ ಸ್ಕೋಟಸನ ಸಮಾಧಾನದ ಸಾರ. 1854ರ ಡಿಸೆಂಬರ್ 8ರಂದು ಒಂಬತ್ತನೆಯ ಪಿಯುಸ್ ಪೋಪನು ಇದನ್ನು ವಿಶ್ವಾಸಸತ್ಯವೆಂದು ಘೋಷಿಸುವಾಗ, ಮುಂದೆ ಬರಲಿದ್ದ ಕ್ರಿಸ್ತನ ಪುಣ್ಯಫಲದಿಂದಲೇ ಈ ಅನುಗ್ರಹವೆಂದು ಹೇಳಿದುದು ಆ ಸಮಾಧಾನದ ಅಂಗೀಕಾರವೇ ಸರಿ. ಪೂರ್ವದ ಆರ್ಥಡಾಕ್ಸ್ ಸಭೆಯವರು ಮರಿಯಮ್ಮನನ್ನು ಸರ್ವಪರಿಶುದ್ಧೆಯೆಂದು ಸ್ತುತಿಸಿಯೂ ಈ ತತ್ತ್ವವನ್ನು ಒಪ್ಪರು. ಆದಾಮನಿಂದ ಬಂದುದು ಮರಣಶೀಲತೆಯೇ ಹೊರತು ಅಪರಾಧವಲ್ಲವೆಂಬುದು ಸಾಮಾನ್ಯವಾಗಿ ಅವರ ಮತ. ಆದುದರಿಂದ ಈ ಎರಡು ಸಭೆಗಳ ಭೇದದ ಮೂಲವು ಮರಿಯಮ್ಮನ ಮಹಿಮೆಯಲ್ಲಿಲ್ಲ, ಜನ್ಮಪಾಪದ ವ್ಯಾಖ್ಯಾನದಲ್ಲಿದೆ.