ಶರೀಫರ ಪದ, ನಮ್ಮ ಪಂಕ್ತಿ

ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನೆಮಾ ಬಂದದ್ದು 1990ರಾಗ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿನೂ ಅದಕ್ಕ ಸಿಕ್ಕಿತು. ಅಶ್ವತ್ಥರ ದನಿ ಕೇಳಿದ ಮ್ಯಾಲೆ ನಮ್ಮ ಭಜನಿ ಮೇಳದಾಗೂ ಶರೀಫರ ಪದ ಹೆಚ್ಚಾದವು.

ಆದರ ನಾವು ಹಾಡೋರು ಒಂದು ತಪ್ಪು ಮಾಡತೀವಿ. ‘ಎಲ್ಲಾ ಧರ್ಮ ಒಂದೇ’ ಅಂತ ಹೇಳಿ, ತಾಳ ಹಾಕಿ ಮುಗಿಸಿಬಿಡತೀವಿ. ಶರೀಫರು (1819–1889) ಅಷ್ಟು ಸಸಾರ ಮಾಡಲಿಲ್ಲ. ಕಳಸದ ಗೋವಿಂದ ಭಟ್ಟರ ಶಿಷ್ಯರಾದರು, ದೇವಿಯನ್ನೂ ಹಾಡಿದರು, ಮೊಹರಮ್ಮಿನ ರಿವಾಯತ ಪದಾನೂ ಕಟ್ಟಿದರು. ಶರೀಫ ಅನ್ನೋ ಹೆಸರು ಮಾತ್ರ ಬಿಡಲಿಲ್ಲ. ಭಟ್ಟರೂ ಬಿಡಿಸಲಿಲ್ಲ. ಗುರುವಿನ ದೊಡ್ಡತನ ಅಲ್ಲೇ ಐತಿ.

ನಮ್ಮ ನಾಂದಣಿ ಜೈನ ಮಠದ ಊರು. ಒಂದು ವಸ್ತುವಿಗೆ ಹಲವು ಬದಿ ಇರತಾವ ಅನ್ನೋ ಅನೇಕಾಂತ ನಮಗ ಹೊಸದಲ್ಲ. ಆದರೂ ಒಮ್ಮೆ ಪರ ಊರಾಗ ಭಜನಿ ಮುಗಿದ ಮ್ಯಾಲೆ, ನಮ್ಮ ಜೋಡಿ ಡೋಲಕಿ ಬಾರಿಸಿದ ಮುಸಲ್ಮಾನ ಗೆಳೆಯನ ತಾಟು ಬ್ಯಾರೆ ಕಡೆ ಹಾಕಿದರು. ಆಗಷ್ಟೇ ಶರೀಫರ ಪದ ಹಾಡಿದ್ದ ನಾನು ಸುಮ್ಮನ ಕುಂತು ಉಂಡೆ.

ನನ್ನ ದೇವರನ್ನ ನಾ ಬಿಡಬೇಕಿಲ್ಲ, ಅವನ ದೇವರನ್ನ ಅವನೂ ಬಿಡಬೇಕಿಲ್ಲ. ಪಂಕ್ತಿಯಾಗ ಸ್ವಲ್ಪ ಸರಿದು ಕುಂತರ ಸಾಕಿತ್ತು. ಅಷ್ಟೂ ಮಾಡದವನ ಬಾಯಾಗ ಆ ಪದ ಅರ್ಧಾನೇ ಹಾಡಿದಂಗ.