ಬುಕ್ಕರಾಯನ ಧರ್ಮಶಾಸನ: ಒಂದು ಮರುಓದು

ಧಾರ್ಮಿಕ ಅಲ್ಪಸಂಖ್ಯಾತರ ರಕ್ಷಣೆ ಎಂದೊಡನೆ ನಾವು ವಿಶ್ವಸಂಸ್ಥೆಯತ್ತ ನೋಡುತ್ತೇವೆ. 1948ರ ಮಾನವ ಹಕ್ಕುಗಳ ಘೋಷಣೆಯ 18ನೆಯ ವಿಧಿ, ಧರ್ಮದ ಹೆಸರಿನಲ್ಲಿ ಹಿಂಸೆಗೊಳಗಾದವರ ಸ್ಮರಣೆಗೆಂದು 2019ರಲ್ಲಿ ಗೊತ್ತುಮಾಡಿದ ಆಗಸ್ಟ್ 22ರ ದಿನ, ಇವು ನಮಗೆ ನೆನಪಾಗುತ್ತವೆ. ಆದರೆ ಈ ವಿಚಾರ ಕನ್ನಡ ನಾಡಿಗೆ ಹೊರಗಿನಿಂದ ಬಂದುದಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯಿರುವ 1368ರ ಕಲ್ಲುಬರಹವನ್ನು ಇತಿಹಾಸದ ಪಾಠದಲ್ಲಿ ಓದಿದವರು ಅನೇಕರು. ಅದನ್ನು ಒಂದು ಪಠ್ಯವಾಗಿ, ಇಂದಿನ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಓದಿದವರು ಕಡಿಮೆ.

ಶಾಸನದ ಸಂದರ್ಭ ಸರಳವಾದುದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಗಳ ಜೈನರು ತಮಗೆ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕರೆಸಿದನು. ತಿರುಕುಲ, ಜಾಂಬವಕುಲದವರಿಗೂ ಆ ಸಭೆಯಲ್ಲಿ ಸ್ಥಾನವಿತ್ತು. ಎಲ್ಲರ ಮುಂದೆ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಳಶದ ಮರ್ಯಾದೆ ಜೈನರಿಗೆ ಮೊದಲಿನಂತೆಯೇ ಸಲ್ಲತಕ್ಕದ್ದೆಂದನು. ಕರೂರು, ಸಿರುಗುಪ್ಪ, ಕುರುಗೋಡು ಸೀಮೆಯವರಾದ ನಮಗೆ ಆನೆಗೊಂದಿ ದೂರದ ಊರಲ್ಲ. ಮೊರೆಯಿಟ್ಟವರಲ್ಲಿ ನಮ್ಮ ತುಂಗಭದ್ರೆಯ ದಡದವರೂ ಇದ್ದರು.

ಈ ಬರಹದ ಹಿರಿಮೆ ಎಲ್ಲಿದೆ? ಮೊದಲನೆಯದಾಗಿ, ಅದು ನಡೆದುದನ್ನು ಮರೆಮಾಚುವುದಿಲ್ಲ. ಜೈನರು ದೂರಿಕೊಂಡದ್ದು ಅನ್ಯಾಯದ ಬಗ್ಗೆ ಎಂದೇ ಕಲ್ಲಿನಲ್ಲಿ ಕೊರೆಸಲಾಗಿದೆ. ಎರಡನೆಯದಾಗಿ, ಕಾಯುವ ಹೊಣೆಯನ್ನು ಬಲಿಷ್ಠರ ಮೇಲೆಯೇ ಹೊರಿಸಲಾಗಿದೆ. ಸೂರ್ಯಚಂದ್ರರು ಇರುವವರೆಗೆ ಜೈನದರ್ಶನವನ್ನು ರಕ್ಷಿಸತಕ್ಕವರು ವೈಷ್ಣವರು. ನಾಡಿನ ಬಸದಿಗಳಲ್ಲೆಲ್ಲ ಈ ಶಾಸನವನ್ನು ನೆಡಿಸತಕ್ಕವರೂ ಅವರೇ. ಮೂರನೆಯದು ಇನ್ನೂ ಸೂಕ್ಷ್ಮವಾದುದು. ಶಾಸನವು ರಾಮಾನುಜರನ್ನು ಪಾಷಂಡಮತಗಳನ್ನು ಸುಡುವ ಬೆಂಕಿಯೆಂದು ಹೊಗಳುವ ಶ್ಲೋಕದಿಂದ ಆರಂಭವಾಗುತ್ತದೆ. ಅಂದರೆ ವೈಷ್ಣವರು ತಮ್ಮ ವಿಶ್ವಾಸವನ್ನು ಸಡಿಲಿಸಬೇಕೆಂದು ಯಾರೂ ಕೇಳಲಿಲ್ಲ. ತಮ್ಮದೇ ಸತ್ಯವೆಂದು ನಂಬುತ್ತಲೇ ನೆರೆಯವನ ಬಸದಿಯನ್ನು ಕಾಯಬಹುದೆಂಬುದನ್ನು ಆ ಒಂದೇ ಕಲ್ಲು ತೋರಿಸಿಕೊಡುತ್ತದೆ.

ಆದರೂ ಅದನ್ನು ಬರಿದೇ ಹೊಗಳುವುದು ಸಲ್ಲದು. ಬೆಳಗೊಳದ ದೇವರಿಗೆ ತಿರುಮಲೆಯ ತಾತಯ್ಯನವರು ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕಿತ್ತು. ಅದಕ್ಕೆ ಹಣ ಬಂದುದು ಜೈನರ ಮನೆಗಳಿಂದ, ಮನೆಗೆ ವರ್ಷಕ್ಕೆ ಒಂದು ಹಣದಂತೆ. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕಿತ್ತು. ಅನ್ಯಾಯಕ್ಕೊಳಗಾದವರೇ ತಮ್ಮ ಕಾವಲಿನ ಖರ್ಚನ್ನೂ ಹೊತ್ತರು. ಶುಭಸಂದೇಶದ ದಯಾಳು ಸಮಾರಿತನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟದ್ದು ತನ್ನ ಕೈಯಿಂದ; ಗಾಯಗೊಂಡವನ ಚೀಲದಿಂದಲ್ಲ. ಇನ್ನೊಂದು ಕೊರತೆಯೂ ಇದೆ. ಅನ್ಯಾಯ ಮಾಡಿದವರು ಯಾರು, ಅವರಿಗೆ ಏನು ಶಿಕ್ಷೆ ಎಂಬ ಮಾತಿಲ್ಲ. ಮುಂದೆ ತಪ್ಪುವವನು ರಾಜದ್ರೋಹಿ, ಸಂಘದ್ರೋಹಿ ಎಂದಷ್ಟೇ ಇದೆ.

ಈ ಅಳತೆಗೋಲನ್ನು ನಮ್ಮ ಕಾಲಕ್ಕೆ ಹಿಡಿಯೋಣ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿಯಾಯಿತು. ಅದೇ ದಿನ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಪ್ರಾರ್ಥನಾಲಯಗಳಿಗೂ ನುಗ್ಗಲಾಯಿತು. ಪ್ರತಿಭಟಿಸಿದ ವಿಶ್ವಾಸಿಗಳ ಮೇಲೆ ಪೊಲೀಸರು ಲಾಠಿ ಬೀಸಿದರು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗವು 2011ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿಯು, ಸರ್ಕಾರಕ್ಕಾಗಲಿ ಆಡಳಿತ ಪಕ್ಷಕ್ಕಾಗಲಿ ಇದರಲ್ಲಿ ಪಾತ್ರವಿತ್ತೆಂಬ ಕ್ರೈಸ್ತರ ಶಂಕೆಗೆ ಆಧಾರವಿಲ್ಲವೆಂದಿತು. ಕ್ರೈಸ್ತ ಸಮುದಾಯ ಅದನ್ನು ಒಪ್ಪಲಿಲ್ಲ. ಬುಕ್ಕರಾಯನ ಸಭೆಯಲ್ಲಿ ಬಲಿಷ್ಠರು ಎಲ್ಲರೆದುರು ಮಾತು ಕೊಟ್ಟರು. ನಮ್ಮ ಕಾಲದಲ್ಲಿ ಸಾವಿರಾರು ಅರ್ಜಿಗಳು ಬಂದವು, ಪುಟಗಳು ತುಂಬಿದವು. ಆದರೆ ಯಾರ ಕೈಯನ್ನೂ ಯಾರ ಕೈಯಲ್ಲಿಯೂ ಇಡಲಿಲ್ಲ.

2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯ ಹೆಸರಿನಲ್ಲಿಯೂ 'ಸಂರಕ್ಷಣೆ' ಎಂಬ ಪದವಿದೆ. ಆದರೆ ಮತಾಂತರ ಬಯಸುವವನು ಮೂವತ್ತು ದಿನ ಮೊದಲು ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದೂ, ನಿರಪರಾಧವನ್ನು ಸಾಬೀತುಪಡಿಸುವ ಹೊಣೆ ಆರೋಪಿಯದೇ ಎಂದೂ ಅದು ವಿಧಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಹೆಸರಿನಲ್ಲಿ ರಕ್ಷಣೆಯಿದ್ದರೆ ಸಾಲದು. ಭಾರ ಯಾರ ಹೆಗಲಿಗೆ ಬಿತ್ತೆಂದು ನೋಡಬೇಕು.

ಈ ವಿಮರ್ಶೆ ನಮ್ಮ ಮನೆಯ ಹೊಸಿಲನ್ನೂ ದಾಟಿ ಒಳಬರಬೇಕು. ಗೋವೆಯಲ್ಲಿ 1560ರಿಂದ 1812ರವರೆಗೆ ಧರ್ಮವಿಚಾರಣಾ ನ್ಯಾಯಾಲಯ ನಡೆದದ್ದು ಕ್ರೈಸ್ತರ ಹೆಸರಿನಲ್ಲಿಯೇ. ಧರ್ಮಸಭೆಯು ಆ ದಾರಿಯಿಂದ ಬಹುದೂರ ಬಂದಿದೆ. ಪ್ರತಿಯೊಬ್ಬ ಮಾನವನಿಗೂ ಧಾರ್ಮಿಕ ಸ್ವಾತಂತ್ರ್ಯದ ಹಕ್ಕುಂಟೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಘೋಷಿಸಿತು. 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಮತ್ತು ಅಲ್ ಅಝರ್‌ನ ಇಮಾಮರಾದ ಅಹ್ಮದ್ ಅಲ್ ತಯ್ಯಿಬ್ ಸಹಿ ಮಾಡಿದ ಪತ್ರವು ಇನ್ನೂ ಮುಂದೆ ಹೋಯಿತು. ಜನರನ್ನು ಕುಗ್ಗಿಸುವಂತೆ 'ಅಲ್ಪಸಂಖ್ಯಾತರು' ಎಂಬ ಪದವನ್ನು ಬಳಸುವುದನ್ನು ಬಿಟ್ಟು, ಪೂರ್ಣ ನಾಗರಿಕತ್ವವನ್ನು ಸ್ಥಾಪಿಸಬೇಕೆಂದು ಅದು ಕೇಳಿತು. ಬುಕ್ಕರಾಯನ ಶಾಸನ ತಲುಪದ ಎಡೆ ಇದೇ. ಅಲ್ಲಿ ರಕ್ಷಣೆಯು ಅರಸನ ಕೃಪೆ. ನಮ್ಮ ಸಂವಿಧಾನದ 25ನೆಯ ವಿಧಿಯಲ್ಲಿ ಅದು ಹಕ್ಕು.

ಹಕ್ಕೆಂದ ಮೇಲೆ ಅದು ನಮಗೆ ಮಾತ್ರ ಇರಲಾರದು. 2014ರಲ್ಲಿ ಇರಾಕಿನ ಕರಾಕೋಷ್‌ನಿಂದ ಓಡಿದ ಕ್ರೈಸ್ತರಿಗಾಗಿ ನಾವು ಪ್ರಾರ್ಥಿಸಿದೆವು. ಅದೇ ಆಗಸ್ಟ್‌ನಲ್ಲಿ ಸಿಂಜಾರ್‌ನಲ್ಲಿ ಕೊಲೆಗೀಡಾದ ಯಜೀದಿಗಳು ನಮ್ಮ ಪ್ರಾರ್ಥನೆಯಲ್ಲಿ ಇದ್ದರೇ? ಪಾಕಿಸ್ತಾನದಲ್ಲಿ 2011ರ ಮಾರ್ಚ್ 2ರಂದು ಹತರಾದ ಸಚಿವ ಶಹಬಾಜ್ ಭಟ್ಟಿಯವರು ಕಥೋಲಿಕರು. ಆದರೆ ಅವರು ದನಿಯೆತ್ತಿದ್ದು ಅಲ್ಲಿನ ಎಲ್ಲ ಅಲ್ಪಸಂಖ್ಯಾತರಿಗಾಗಿ. ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಬಿನ್ನಹಗಳನ್ನು ಬರೆಯುವವರು, ಹಿಂಸೆಗೊಳಗಾದ ಕ್ರೈಸ್ತರ ಜೊತೆಯಲ್ಲಿ ಅನ್ಯಧರ್ಮದ ಒಂದು ಸಮುದಾಯದ ಹೆಸರನ್ನೂ ಸೇರಿಸಲಿ. ನಮ್ಮೂರಿನಲ್ಲಿ ಬೇರೆಯವರ ಗುಡಿಗೋ ದರ್ಗಾಕ್ಕೋ ಅಪಚಾರವಾದಾಗ, ಮೊದಲು ಹೋಗಿ ನಿಲ್ಲುವವರಲ್ಲಿ ಧರ್ಮಕೇಂದ್ರದ ಹಿರಿಯರೂ ಇರಲಿ.